ಹನ್ನೆರಡು ದಿನದ ಮಲಾವಿ ಮಿಷನ್ ಟ್ರಿಪ್: ಕನ್ನಡಕಕ್ಕೆ ಐದು ನಕ್ಷತ್ರ, ಮಿಕ್ಕಿದ್ದಕ್ಕೆ ಯೋಚಿಸಿ ಕೊಡುತ್ತೇನೆ

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು ನಾನು. ಆದ್ದರಿಂದ ಇಲ್ಲಿ ಸೂರ್ಯಾಸ್ತದ ವರ್ಣನೆ ಕಡಿಮೆ, ಮಾತ್ರೆ ರಿಜಿಸ್ಟರುಗಳ ಮಾತು ಜಾಸ್ತಿ. ಜುಲೈ ತಿಂಗಳಲ್ಲಿ ನಮ್ಮ ಚರ್ಚಿನ ಸಭೆಯಿಂದ ಹದಿನಾಲ್ಕು ಜನ ಆಫ್ರಿಕಾದ ಮಲಾವಿಗೆ ಹೋಗಿ ಬಂದೆವು. ರಾಜಧಾನಿ ಲಿಲಾಂಗ್ವೆಯಿಂದ ಪೂರ್ವಕ್ಕೆ, ಮಲಾವಿ ಸರೋವರದ ಕಡೆ ಇಳಿಯುವ ರಸ್ತೆಯಲ್ಲಿ ಸಲೀಮಾ ಜಿಲ್ಲೆಯ ನಾಲ್ಕು ಹಳ್ಳಿಗಳು. ಅಲ್ಲಿ ವೈದ್ಯಕೀಯ ಶಿಬಿರ, ಮಕ್ಕಳ ಕಾರ್ಯಕ್ರಮ, ಒಂದಿಷ್ಟು ಗೋಡೆ ಕಟ್ಟುವ ಕೆಲಸ. ಏರ್ಪಾಡೆಲ್ಲ ಇಂಥ ಟ್ರಿಪ್‌ಗಳನ್ನೇ ನಡೆಸುವ ಒಂದು ಸಂಸ್ಥೆಯದು. ಹೆಸರು ಬೇಡ, ಬರೀ ಹೊಗಳುವುದಿದ್ದರೆ ಬರೆಯುತ್ತಿದ್ದೆ.

ಮೊದಲು ಹೊಗಳಿಕೆಯೇ ಆಗಲಿ. ಹೊರಡುವ ಮೂರು ತಿಂಗಳ ಮುಂಚೆಯೇ ನನ್ನ ಮತ್ತು ತಂಡದ ಡಾಕ್ಟರ ಸರ್ಟಿಫಿಕೇಟುಗಳನ್ನು ತರಿಸಿಕೊಂಡು, ಅಲ್ಲಿನ ವೈದ್ಯಕೀಯ, ನರ್ಸಿಂಗ್ ಕೌನ್ಸಿಲ್‌ಗಳಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿದ್ದರು. ಇದನ್ನು ಮಾಡಿಸದೆ ಸ್ಟೆತಸ್ಕೋಪು ನೇತುಹಾಕಿಕೊಂಡು ವಿಮಾನ ಹತ್ತುವ ತಂಡಗಳೂ ಇವೆ. ಯಾರೋ ಪರದೇಶದವರು ಹಾಗೆ ಬಂದು ನನ್ನ ವಾರ್ಡಿನಲ್ಲಿ ಸೂಜಿ ಹಿಡಿದಿದ್ದರೆ ಗೇಟಿನಾಚೆ ದಬ್ಬುತ್ತಿದ್ದೆ. ಪ್ರತಿ ಹಳ್ಳಿಯಲ್ಲೂ ಮೊದಲು ‘ಮ್ಫುಮು’, ಅಂದರೆ ಊರ ಮುಖ್ಯಸ್ಥರ ಎದುರು ಚಾಪೆಯ ಮೇಲೆ ಕೂತು, ಕೈ ತಟ್ಟಿ ವಂದಿಸಿ, ಅಪ್ಪಣೆ ಪಡೆದೇ ಕೆಲಸ ಶುರು. ದುಭಾಷಿಗಳಾಗಿ ಬಂದ ಅಲ್ಲಿನ ಸಭೆಯ ಯೌವನಸ್ಥರಂತೂ ಚಿನ್ನದಂಥ ಮಕ್ಕಳು. ರೋಗಿ ಹೇಳದೆ ನುಂಗಿದ ಮಾತನ್ನೂ ಗಮನಿಸಿ ನನ್ನ ಕಿವಿಯಲ್ಲಿ ಉಸುರುತ್ತಿದ್ದರು.

ತಯಾರಿ ಮಾತ್ರ ಸಾಲದು. ಮೂರು ಶನಿವಾರ ಕರೆದರು. ಎರಡು ಶನಿವಾರ ಮಕ್ಕಳ ಎದುರು ಆಡುವ ಕಿರುನಾಟಕಕ್ಕೇ ಹೋಯಿತು. ಮಲೇರಿಯಾ ತಡೆಯುವ ಮಾತ್ರೆಗೆ ಸಿಕ್ಕಿದ್ದು ಹತ್ತು ನಿಮಿಷ. ನಮಗೆ ಕೊಟ್ಟದ್ದು ಡಾಕ್ಸಿಸೈಕ್ಲಿನ್. ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಬೇಕು, ಅಲ್ಲಿರುವಷ್ಟು ದಿನವೂ ದಿನಕ್ಕೊಂದು, ಬಂದ ಮೇಲೆ ಮತ್ತೆ ನಾಲ್ಕು ವಾರ. ಈ ನಾಲ್ಕು ವಾರದ ಮಾತು ಅವರ ಕೈಪಿಡಿಯಲ್ಲಿ ಇರಲೇ ಇಲ್ಲ. ಒಬ್ಬ ಹುಡುಗ ರಾತ್ರಿ ಮಲಗುವಾಗ ಒಂದೇ ಗುಟುಕು ನೀರಿನಲ್ಲಿ ನುಂಗಿ, ಬೆಳಿಗ್ಗೆ ಎದೆ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಹೃದಯಾಘಾತವೆಂದು ಹೆದರಿದ್ದ, ಪಾಪ. ಆ ಮಾತ್ರೆ ಅನ್ನನಾಳದಲ್ಲೇ ನಿಂತರೆ ಸುಡುತ್ತದೆ. ತುಂಬ ನೀರು ಕುಡಿದು ಸ್ವಲ್ಪ ಹೊತ್ತು ಕೂತಿರಬೇಕು. ಹೇಳುವವರು ಹೇಳಬೇಕಲ್ಲ.

ಔಷಧದ ಸೂಟ್‌ಕೇಸುಗಳನ್ನು ತೆರೆದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಭೆಯವರು ಕಾಣಿಕೆಯಾಗಿ ಕೊಟ್ಟ ಅರ್ಧ ಖಾಲಿಯಾದ ಸಿರಪ್ಪು, ಎರಡು ತಿಂಗಳಲ್ಲಿ ಅವಧಿ ಮುಗಿಯುವ ಆ್ಯಂಟಿಬಯೋಟಿಕ್. ದಾನದ ಔಷಧ ಆ ದೇಶ ತಲುಪಿದ ಮೇಲೂ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ. ಹೊರಡುವ ಹಿಂದಿನ ರಾತ್ರಿ ಒಂದು ಸೂಟ್‌ಕೇಸಿನಷ್ಟನ್ನು ಪಕ್ಕಕ್ಕೆ ತೆಗೆದಿಟ್ಟೆ. ಕೊಟ್ಟವರಿಗೆ ಬೇಜಾರಾಗಿದೆ, ಗೊತ್ತು.

ಈಗ ಶಿಬಿರದ ವಿಷಯ. ಮೊದಲ ದಿನ ಮರದ ನೆರಳಲ್ಲಿ ಮೇಜು ಹಾಕಿ ಬಿಪಿ ನೋಡಿದೆವು. ಜಾಸ್ತಿ ಇದ್ದವರಿಗೆಲ್ಲ ಬಿಪಿ ಇಳಿಸುವ 5 ಮಿಲಿಗ್ರಾಮಿನ ಆಮ್ಲೋಡಿಪಿನ್, ತಲಾ ಮೂವತ್ತು ಮಾತ್ರೆ. ವಿವರವನ್ನು ಸಂಸ್ಥೆಯ ಲಾಂಛನವಿದ್ದ ಬಣ್ಣದ ಕಾರ್ಡಿನಲ್ಲಿ ಬರೆದು, ವರದಿಗೆ ಬೇಕೆಂದು ನಾವೇ ಎತ್ತಿಟ್ಟುಕೊಂಡೆವು. ಎರಡನೇ ದಿನ ಬೆಳಿಗ್ಗೆ ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಸೈಕಲ್ಲಿನ ಹಿಂದೆ ಕೂತು ಬಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಸಾಲಿನಲ್ಲಿದ್ದ ಅಜ್ಜಿಯೊಬ್ಬರ ಗಂಟಿನಿಂದ ಪುಟ್ಟ ಪುಸ್ತಕವೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ‘ಹೆಲ್ತ್ ಪಾಸ್‌ಪೋರ್ಟ್’ ಅನ್ನುತ್ತಾರೆ. ಮಲಾವಿಯಲ್ಲಿ ರೋಗಿಯ ಚರಿತ್ರೆಯೆಲ್ಲ ಅದರಲ್ಲೇ, ಅದು ರೋಗಿಯ ಕೈಯಲ್ಲೇ. ನಿನ್ನೆಯ ಒಂದು ಸಾಲೂ ಅದರಲ್ಲಿ ಇರಲಿಲ್ಲ. “ಮುಂದಿನ ತಿಂಗಳು ಇವರು ನನ್ನ ಬಾಗಿಲಿಗೆ ಬರುತ್ತಾರೆ ಸಿಸ್ಟರ್. ನೀವು ಏನು ಕೊಟ್ಟಿರೋ ನನಗೆ ಹೇಗೆ ಗೊತ್ತಾಗಬೇಕು?” ಅಂದರು. ಅವರ ಕಪಾಟಿನಲ್ಲಿ ಇದ್ದದ್ದು ಹೈಡ್ರೋಕ್ಲೋರೋಥಿಯಾಝೈಡ್ ಅನ್ನುವ ಬೇರೆ ಬಿಪಿ ಮಾತ್ರೆ. ನಮ್ಮ ಮಾತ್ರೆ ಅಲ್ಲಿ ಸಿಗುತ್ತಲೇ ಇರಲಿಲ್ಲ.

ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಬಿಪಿ ಮಾತ್ರೆ ಒಮ್ಮೆ ಶುರು ಮಾಡಿ ಕೈಬಿಡುವಂಥದ್ದಲ್ಲ ಅಂತ ಎಷ್ಟು ರೋಗಿಗಳಿಗೆ ಬೈದಿದ್ದೇನೆ! ಅವತ್ತಿನಿಂದ ಮಾತ್ರೆ ನಿಲ್ಲಿಸಿ, ಬಿಪಿ ಅಂಕಿಯನ್ನು ಅವರವರ ಪುಸ್ತಕದಲ್ಲಿ ಬರೆದು, ಕೇಂದ್ರಕ್ಕೆ ಕಳಿಸಿದೆವು. ಮೊದಲ ದಿನದ ಕಾರ್ಡುಗಳನ್ನೂ ಆಕೆಗೇ ಒಪ್ಪಿಸಿದೆ. ತಂಡದ ಮುಖಂಡರ ಮುಖ ಸಣ್ಣದಾಯಿತು. “ಫಲಾನುಭವಿಗಳ ಸಂಖ್ಯೆ ಇಳಿಯುತ್ತಲ್ಲ ಸಿಸ್ಟರ್” ಅಂದರು. ಇಳಿಯಲಿ ಬ್ರದರ್ ಅಂದೆ.

ಆದರೆ ಪಕ್ಕದ ಮೇಜಿನ ಕಥೆಯೇ ಬೇರೆ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಯಾವ ದೇಶದವರನ್ನೂ ಬಿಟ್ಟದ್ದಲ್ಲ. +1.00ರಿಂದ +3.00ರವರೆಗಿನ ಓದುವ ಕನ್ನಡಕ ಇನ್ನೂರು ತಂದಿದ್ದೆವು. ಒಂದು ಹಾಕಿ ನೋಡು, ಮಸುಕಾದರೆ ಮುಂದಿನದು, ಅಷ್ಟೇ ವಿದ್ಯೆ. ಸಭೆಯ ಹಿರಿಯರೊಬ್ಬರು ಅಲ್ಲಿನ ಚಿಚೇವಾ ಭಾಷೆಯ ಬೈಬಲನ್ನು ಕೈ ನೀಳ ಮಾಡಿ ಹಿಡಿದು ಬಂದವರು, ಹೋಗುವಾಗ ಎದೆಯ ಹತ್ತಿರ ಹಿಡಿದು ಓದಿಕೊಂಡೇ ಹೋದರು. ಒಬ್ಬ ಅಜ್ಜಿ +2.50 ಏರಿಸಿಕೊಂಡವರೇ ಬೈಬಲ್ಲನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮೊಮ್ಮಗನನ್ನು ಎಳೆದು ಕೂರಿಸಿ, ಅವನ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿ ಕೇಳಿದರು. ಎಷ್ಟು ದಿನದಿಂದ ಕೂತಿತ್ತೋ ಮುಳ್ಳು, ಎರಡೇ ನಿಮಿಷಕ್ಕೆ ಆಚೆ ಬಂತು. ಹುಡುಗ ಅತ್ತ, ಅಜ್ಜಿ ‘ಜಿಕೋಮೋ’, ಅಂದರೆ ಧನ್ಯವಾದ, ಅಂದು ಎದ್ದರು. ಆ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನ ತಿಂಗಳು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಹೋಗುವವರಿಗೆ ಒಂದು ಸೂಚನೆ: +1.00 ಅಷ್ಟೊಂದು ಹೊರಬೇಡಿ. ನಮ್ಮ +2.00, +2.50 ಎರಡನೇ ದಿನ ಮಧ್ಯಾಹ್ನಕ್ಕೇ ಖಾಲಿ. ನಲವತ್ತು ಜೊತೆ +1.00 ವಾಪಸ್ ಬಂದವು.

ಗೋಡೆ ಕಟ್ಟುವ ಕೆಲಸದ ಬಗ್ಗೆ ಹೆಚ್ಚೇನೂ ಇಲ್ಲ. ಊರಿನ ಗಾರೆಯವರು ನಮ್ಮ ಹುಡುಗರಿಗೆ ಇಟ್ಟಿಗೆ ಎತ್ತಿಕೊಡಲು ಮಾತ್ರ ಬಿಟ್ಟರು, ಹುಡುಗರು ಮುನಿಸಿಕೊಂಡರು, ಗೋಡೆ ನೆಟ್ಟಗೆ ಎದ್ದಿತು. ಮಕ್ಕಳ ಕಾರ್ಯಕ್ರಮ ಗದ್ದಲ, ಖುಷಿ. ಯಾರದೋ ಕೂಸನ್ನು ಎತ್ತಿಕೊಂಡು ಸೆಲ್ಫಿ ತೆಗೆಯುವುದನ್ನು ಮೊದಲ ದಿನವೇ ನಿಷೇಧಿಸಬೇಕಿತ್ತು. ನಾಲ್ಕನೇ ದಿನ ನಿಷೇಧಿಸಿದರು, ಅದೂ ಒಬ್ಬ ತಾಯಿ ಸಿಟ್ಟಾದ ಮೇಲೆ. ಜುಲೈ ಅಂದರೆ ಅಲ್ಲಿ ಸುಗ್ಗಿ ಮುಗಿದು ಕಣಜ ತುಂಬಿದ ಕಾಲ. ಹಸಿವು, ಮಲೇರಿಯಾ ಎರಡೂ ಏರುವುದು ಜನವರಿ, ಫೆಬ್ರವರಿಯ ಮಳೆಯಲ್ಲಂತೆ. ಆಗ ರಸ್ತೆ ಕೆಸರು, ನಮಗೆ ರಜೆಯೂ ಇಲ್ಲ.

ಒಂದು ರಾತ್ರಿ ಪ್ರಾರ್ಥನೆಯಲ್ಲಿ ಮುಖಂಡರು ಸ್ಕಾಟ್ಲೆಂಡಿನ ಮಿಷನರಿ ಡಾಕ್ಟರ್ ರಾಬರ್ಟ್ ಲಾಸ್ ಅವರ ಹೆಸರೆತ್ತಿ, ನಾವೂ ಅದೇ ದಾರಿಯವರು ಅಂದರು. ಲಾಸ್ ಆ ಸರೋವರದ ದಡಕ್ಕೆ ಬಂದದ್ದು 1875ರಲ್ಲಿ, ಆ ನಾಡು ಬಿಟ್ಟದ್ದು 1927ರಲ್ಲಿ. ನಮ್ಮ ಹನ್ನೆರಡು ದಿನದಲ್ಲಿ ವಿಮಾನದ್ದೇ ಎರಡೂವರೆ. ಆಮೆನ್ ಅನ್ನಲು ನನಗೆ ಸ್ವಲ್ಪ ತಡವಾಯಿತು.

ಕೊನೆಯ ದಿನ ಸರೋವರಕ್ಕೆ ವಿಹಾರ. “ನೀರಿಗೆ ಇಳಿಯಬಹುದು, ಏನೂ ಆಗಲ್ಲ” ಅಂದರು ಸಂಸ್ಥೆಯವರು. ಮಲಾವಿ ಸರೋವರದಲ್ಲಿ ಬಿಲ್ಹಾರ್ಜಿಯಾ ಅನ್ನುವ ಪರಾವಲಂಬಿ ರೋಗ ಇದೆ. ದಡದ ಬಸವನಹುಳುಗಳಿಂದ ಹೊರಬಿದ್ದ ಪರಾವಲಂಬಿ ಚರ್ಮದ ಮೂಲಕವೇ ಒಳಹೊಗುತ್ತದೆ, ನೀರು ಕುಡಿಯಲೇಬೇಕೆಂದಿಲ್ಲ. ನಾನು ದಡದಲ್ಲಿ ಬೂಟು ಹಾಕಿಕೊಂಡೇ ಕೂತೆ. ಒಂಬತ್ತು ಜನ ಇಳಿದರು. ಅವರ ಹೆಸರೆಲ್ಲ ನನ್ನ ಡೈರಿಯಲ್ಲಿದೆ. ಎರಡು ತಿಂಗಳಾದ ಮೇಲೆ ಒಬ್ಬೊಬ್ಬರನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗುವವಳು ನಾನೇ.

ಒಟ್ಟು ಐದರಲ್ಲಿ ಎರಡೂವರೆ ನಕ್ಷತ್ರ. ಸಂಸ್ಥೆಯವರು ಮುಂದಿನ ವರ್ಷಕ್ಕೆ ಹೆಸರು ಕೇಳಿದ್ದಾರೆ, ಕೊಟ್ಟಿಲ್ಲ. ಹೋಗುವ ತಂಡ ಮೊದಲ ದಿನವೇ ಮೇಜು ಹಾಕದೆ ಆ ನರ್ಸನ್ನು ಹೋಗಿ ಕಾಣಲಿ ಅಂತ ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ನನ್ನ ವಿಮಾನದ ಟಿಕೆಟ್ಟಿನ ದುಡ್ಡಿಗೆ ಎಷ್ಟು ಕನ್ನಡಕ ಬರುತ್ತದೆಂದು ಲೆಕ್ಕ ಹಾಕುತ್ತ ಇದನ್ನು ಬರೆಯುತ್ತಿದ್ದೇನೆ. ಡಾಕ್ಸಿಸೈಕ್ಲಿನ್ ಇನ್ನೂ ಒಂಬತ್ತು ಮಾತ್ರೆ ಬಾಕಿ ಇದೆ.