ಚಿಕ್ಕಪೇಟೆ ರೇಷ್ಮೆ ಅಂಗಡಿ: ಸೀರೆಗೆ ಅಮ್ಮನ ಕೈ ನಂಬಿ, ರೇಟಿಗೆ ಚೀಟಿ ಹಿಡ್ಕೊಂಡು ಹೋಗಿ

ತಂಗಿ ಧಾರೆ ಸೀರೆಗೆ ಅಂತ ಹೋದ ವಾರ ಅಮ್ಮ, ತಂಗಿ, ನಾನು ಚಿಕ್ಕಪೇಟೆಗೆ ಹೋಗಿದ್ವಿ. ಗಲ್ಲಿ ಒಳಗೆ ಮೊದಲನೇ ಮಹಡಿಲಿರೋ ಹಳೇ ಅಂಗಡಿ, ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು, ಬಿಳಿ ಹಾಸಿಗೆ ಮೇಲೆ ಕೂರಿಸಿ ಒಂದೊಂದೇ ಬಿಚ್ಚಿ ಹಾಕ್ತಾರೆ. ಕಲೆಕ್ಷನ್ ತುಂಬಾ ಚೆನ್ನಾಗಿದೆ, ಎಷ್ಟು ಬಿಚ್ಚಿಸಿದ್ರೂ ಮುಖ ಸಿಂಡರಿಸಲ್ಲ, ಕೇಳಿದ್ರೆ ಕಿಟಕಿ ಬೆಳಕಿಗೂ ತಂದು ತೋರಿಸ್ತಾರೆ.

ನಮ್ಮಮ್ಮ 30 ವರ್ಷದಿಂದ ಸೀರೆಗೆ ಕುಚ್ಚು ಕಟ್ತಾರೆ, ಫಾಲ್ ಹಾಕ್ತಾರೆ. ಅಂಗಡಿ ಹುಡುಗ ಪ್ಯೂರ್ ಜರಿ ಅಂತ ಒಂದು ಮೆರೂನ್ ಸೀರೆ ಹಾಕಿದ, ಅಮ್ಮ ಸೆರಗನ್ನ ಎರಡು ಬೆರಳಲ್ಲಿ ಹಿಡಿದಿದ್ದೇ "ಇದು ಟೆಸ್ಟೆಡ್ ಜರಿ ಕಣಪ್ಪ" ಅಂದ್ರು, ಅಂದ್ರೆ ಅಸಲಿ ಬೆಳ್ಳಿ ಜರಿ ಅಲ್ಲ, ಅದಕ್ಕಿಂತ ಅಗ್ಗದ್ದು. ಹೆಂಗೆ ಗೊತ್ತಾಯ್ತು ಅಂತ ಕೇಳಿದ್ರೆ ಅವ್ರಿಗೆ ಹೇಳೋಕೆ ಬರಲ್ಲ. ಹುಡುಗ ಒಳಗೆ ವಿಚಾರಿಸ್ಕೊಂಡು ಬಂದು ಹೌದಮ್ಮ ತಪ್ಪಾಯ್ತು ಅಂತ ಒಪ್ಕೊಂಡ, ಅದಕ್ಕೆ ಮೆಚ್ಚಬೇಕು. ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್, ಗ್ಯಾರಿ ಕ್ಲೈನ್ ಇಬ್ರೂ ಸೇರಿ 2009ರಲ್ಲಿ ಒಂದು ಲೇಖನ ಬರೆದಿದ್ರು, ಒಬ್ರು ಥಟ್ ಅಂತ ಹೊಳೆಯೋ ಯೋಚನೆ ಎಲ್ಲೆಲ್ಲಿ ಎಡವುತ್ತೆ ಅಂತ ಹುಡುಕಿದೋರು, ಇನ್ನೊಬ್ರು ಬೆಂಕಿ ಆರಿಸೋ ಕಮಾಂಡರ್‌ಗಳು ಲೆಕ್ಕ ಹಾಕದೇನೇ ಹೇಗೆ ಸರಿಯಾಗಿ ನಿರ್ಧಾರ ಮಾಡ್ತಾರೆ ಅಂತ ಸ್ಟಡಿ ಮಾಡಿದೋರು, ಕೊನೆಗೆ ಇಬ್ರೂ ಒಪ್ಪಿದ್ದು ಏನಂದ್ರೆ ಆ ಕೆಲಸದಲ್ಲಿ ಒಂದು ಕ್ರಮ ಇರ್ಬೇಕು, ವರ್ಷಗಟ್ಟಲೆ ಮಾಡಿರ್ಬೇಕು, ತಪ್ಪಾದ್ರೆ ತಪ್ಪು ಅಂತ ಬೇಗ ಗೊತ್ತಾಗ್ತಿರ್ಬೇಕು, ಆಗ ಅಂತಃಪ್ರಜ್ಞೆನ ನಂಬಬಹುದು ಅಂತ. ಅಮ್ಮನ ಕೈಗೆ ಇದೆಲ್ಲಾ ಆಗಿದೆ. ಎಳೆ ಎಂಥದ್ದು ಅಂತ ಸೂಜಿ ಚುಚ್ಚಿದ್ರೆ ಅದೇ ಹೇಳುತ್ತೆ.

ರೇಟ್ ವಿಷಯ ಹಂಗಲ್ಲ. ಕುಚ್ಚಿಗೆ ಸೀರೆ ಕೊಡೋರು ಎಷ್ಟಕ್ಕೆ ತಗೊಂಡ್ವಿ ಅಂತ ಹೇಳಲ್ಲ ನೋಡಿ, ಹಾಗಾಗಿ ಅಮ್ಮನ ರೇಟ್ ಅಂದಾಜು ಸರಿನೋ ತಪ್ಪೋ ಅಂತ ಗೊತ್ತೇ ಆಗಲ್ಲ. ನಮ್ಮ ಬಜೆಟ್ 18 ಸಾವಿರ ಅಂತ ಮೊದಲೇ ಹೇಳಿದ್ವಿ, ಆದ್ರೂ ಅವ್ರು ಮೊದಲು ಹಾಕಿದ್ದು 46 ಸಾವಿರದ್ದು, ಆಮೇಲೆ 27 ಸಾವಿರದ್ದು ಹಾಕಿದಾಗ ಅಮ್ಮನೇ "ಪರವಾಗಿಲ್ಲ, ಕಮ್ಮಿನೇ ಇದೆ" ಅಂದ್ಬಿಟ್ರು! ಕಾಹ್ನೆಮನ್ ಮತ್ತೆ ಏಮೋಸ್ ಟ್ವರ್ಸ್ಕಿ 1974ರ ಪೇಪರ್‌ನಲ್ಲಿ ಬರೆದಿದ್ದು ಇದನ್ನೇ. ಜನರ ಮುಂದೆ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟು ಅಂತ ಕೇಳಿದ್ರು. ಚಕ್ರ 10ಕ್ಕೆ ನಿಂತಿದ್ದು ನೋಡಿದೋರ ಅಂದಾಜು 25ರ ಹತ್ರ, 65ಕ್ಕೆ ನಿಂತಿದ್ದು ನೋಡಿದೋರದ್ದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧಾನೇ ಇಲ್ಲ. ಮೊದಲು ಕಂಡ ನಂಬರ್ ನಮ್ಮ ಅಂದಾಜನ್ನ ತನ್ನ ಕಡೆಗೆ ಎಳೆಯುತ್ತೆ, ನಾನು ಮನೇಲೇ ಫೋನಲ್ಲಿ ಬರ್ಕೊಂಡಿದ್ದ ಲಿಮಿಟ್ ತೆಗೆದು ತೋರಿಸಿ 15ರಿಂದ 18ರ ರ‍್ಯಾಕ್ ಮಾತ್ರ ತೆಗೀರಿ ಅಂದ ಮೇಲೇನೇ ದಾರಿಗೆ ಬಂತು. ಇದಕ್ಕೇ ಒಂದು ಸ್ಟಾರ್ ಕಟ್, ಬಜೆಟ್ ಹೇಳಿದ ಮೇಲೂ ಹೀಗೆ ಮಾಡೋದು ಸರಿಯಲ್ಲ.

ಆಯ್ಕೆ ಮಾಡೋಕೆ ನಾನು ಬಣ್ಣ, ಬಾರ್ಡರ್, ತೂಕ, ರೇಟು ಅಂತ ಒಂದೊಂದಕ್ಕೂ ಮಾರ್ಕ್ಸ್ ಹಾಕಿದೆ, ಬಾಟಲ್ ಗ್ರೀನ್ ಗೆದ್ದಿತು, ತಂಗಿ ಮುಖ ಮಾತ್ರ ಚಿಕ್ಕದಾಯ್ತು. ಮನಃಶಾಸ್ತ್ರಜ್ಞ ತಿಮೋತಿ ವಿಲ್ಸನ್ ಮತ್ತವರ ಜೊತೆಗಾರರು 1993ರಲ್ಲಿ ವಿದ್ಯಾರ್ಥಿಗಳಿಗೆ ಪೋಸ್ಟರ್ ಆರಿಸೋಕೆ ಹೇಳಿದ್ರು, ಯಾಕೆ ಇಷ್ಟ ಅಂತ ಕಾರಣ ಯೋಚಿಸಿ ಆರಿಸಿದೋರಿಗೆ ಕೆಲವು ವಾರ ಆದ್ಮೇಲೆ ಖುಷಿ ಕಮ್ಮಿ ಇತ್ತು. ಉಟ್ಕೊಳ್ಳೋಳು ಅವಳು, ನನ್ನ ಮಾರ್ಕ್ಸ್ ಯಾಕೆ ಬೇಕು ಅನ್ನಿಸ್ತು. ಫೋನ್ ಒಳಗಿಟ್ಟೆ. ಅವಳು ನೇರಳೆ ಬಣ್ಣದ ಗಂಡಭೇರುಂಡ ಬಾರ್ಡರ್ ಸೀರೆ ಹೆಗಲ ಮೇಲೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತಳು, ಇದೇ ಅಂದ್ಲು. 17,400 ರೂಪಾಯಿ, ಸಿಲ್ಕ್ ಮಾರ್ಕ್ ಲೇಬಲ್ ಇತ್ತು, ಅಮ್ಮನೂ ಬೆರಳಲ್ಲಿ ಹಿಡಿದು ನೋಡಿ ಹೂಂ ಅಂದ್ರು.

5ಕ್ಕೆ 4 ಸ್ಟಾರ್. ವಾರದ ದಿನ ಬೆಳಿಗ್ಗೆ ಹೋಗಿ, ರಶ್ ಇದ್ರೆ ಕಿಟಕಿ ಹತ್ರ ಜಾಗ ಸಿಗಲ್ಲ. ಬ್ಲೌಸ್ ಪೀಸ್ ಸೀರೆ ಜೊತೆಲೇ ಬರುತ್ತೆ. ಕುಚ್ಚು ಅಲ್ಲೇ ಕಟ್ಟಿಸಿಕೊಡ್ತೀವಿ ಅಂದ್ರು, ಅಮ್ಮ ಬೇಡ ಅಂದು ನಿನ್ನೆ ರಾತ್ರಿ ತಾವೇ ಶುರು ಮಾಡಿದ್ದಾರೆ.