ಶಿರಸಿಯ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್: ಸಬ್ಸಿಡಿಯ ಲೆಕ್ಕ, ಮಳೆಗಾಲದ ಲೆಕ್ಕ

ಶಿರಸಿಯ ಗುತ್ತಿಗೆದಾರರೊಬ್ಬರಿಂದ ನಮ್ಮ ತಾರಸಿಯ ಮೇಲೆ ಹಾಕಿಸಿದ 3 ಕಿಲೋವ್ಯಾಟ್‌ನ ಆನ್‌ಗ್ರಿಡ್ (ಸರಬರಾಜು ಲೈನಿಗೆ ಜೋಡಿಸಿದ) ಸೋಲಾರ್ ಘಟಕಕ್ಕೆ ಸುಮಾರು 2 ಲಕ್ಷ ರೂಪಾಯಿ ತಗುಲಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನವಿದ್ದು, ಇದಕ್ಕಿಂತ ದೊಡ್ಡ ಘಟಕಕ್ಕೂ ಸಿಗುವುದು ಅಷ್ಟೇ. ಹೆಸ್ಕಾಂನವರು ನೆಟ್ ಮೀಟರ್ (ನಾವು ಪಡೆದ ಮತ್ತು ಲೈನಿಗೆ ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರ್) ಕೂರಿಸಿ, ಯೋಜನೆಯ ಪೋರ್ಟಲ್‌ನಲ್ಲಿ ಕೆಲಸ ಮುಗಿದ ದಾಖಲೆ ಏರಿದ ಮೇಲೆಯೇ ಆ ಹಣ ಖಾತೆಗೆ ಬರುವುದರಿಂದ, ಕೊಟೇಶನ್‌ನಲ್ಲಿ ಸಬ್ಸಿಡಿ ಕಳೆದ ಮೊತ್ತವನ್ನು ನೋಡಿ ಹಿಗ್ಗುವಂತಿಲ್ಲ. ಪ್ಯಾನೆಲ್ ಮಾತ್ರವಲ್ಲದೆ ಅದರೊಳಗಿನ ಸೆಲ್ ಕೂಡ ದೇಶದಲ್ಲೇ ತಯಾರಾದ ಡಿಸಿಆರ್ ಮಾಲು ಆಗಿರಬೇಕು, ಇಲ್ಲವಾದರೆ ಸಹಾಯಧನವಿಲ್ಲ.

ಗುತ್ತಿಗೆದಾರರ ಕೆಲಸದ ಅಚ್ಚುಕಟ್ಟುತನಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಜಾಗ ಬೇಕು, ನಮಗೋ ಅದೇ ತಾರಸಿಯಲ್ಲಿ ಅಡಿಕೆ ಒಣಗಬೇಕು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕಿ, ಅವರು ಚೌಕಟ್ಟನ್ನು ತಾರಸಿಯ ಉತ್ತರದ ಅಂಚಿಗೇ ಸರಿಸಿ ದಕ್ಷಿಣಕ್ಕೆ ಮುಖ ಮಾಡಿಸಿದರು. ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆಯ ಮೇಲೆ ನೆರಳು ಬೀಳಲೇ ಇಲ್ಲ.

ಮೆಚ್ಚದ್ದು ಅವರ ಮಾತಿನ ಲೆಕ್ಕ. ಬಿಸಿಲಿದ್ದ ದಿನ ಒಂದು ಕಿಲೋವ್ಯಾಟ್ ಸುಮಾರು 4 ಯೂನಿಟ್ ಕೊಡುವುದು ನಿಜವೇ, ಆದರೆ ತಿಂಗಳಿಗೆ 360 ಯೂನಿಟ್ ಎಂದು ಅದನ್ನೇ 12 ತಿಂಗಳಿಗೂ ಗುಣಿಸಿ ತೋರಿಸುವುದು ಬಯಲುಸೀಮೆಗೆ ಸರಿಯೇ ಹೊರತು, ಆಷಾಢದಲ್ಲಿ ಸೂರ್ಯನ ಮುಖವೇ ಕಾಣದ ಈ ಘಟ್ಟದ ಮೇಲಿನ ಊರಿಗಲ್ಲ. ಕರೆಂಟು ಹೋದಾಗ ಲೈನ್‌ಮನ್‌ಗಳ ಸುರಕ್ಷತೆಗಾಗಿ ಆನ್‌ಗ್ರಿಡ್ ಇನ್ವರ್ಟರ್ ತಾನೂ ನಿಂತುಬಿಡುತ್ತದೆ ಎಂಬುದನ್ನೂ ನಾವೇ ಕೇಳಿ ತಿಳಿಯಬೇಕಾಯಿತು. ಮರ ಬಿದ್ದು ತಂತಿ ಹರಿಯುವ ನಮ್ಮ ಕಡೆ ಹಳೆಯ ಬ್ಯಾಟರಿಯನ್ನು ಮಾರದಿರುವುದೇ ಜಾಣತನ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಗೆ ಇದರಿಂದ ಉಳಿತಾಯವೇನೂ ಆಗದು. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ನಮ್ಮಂಥ ಕೂಡುಕುಟುಂಬಕ್ಕೆ ಮಾತ್ರ, ಮಳೆಗಾಲದ ಕೊರತೆಯನ್ನು ಕಳೆದರೂ, ಹಾಕಿದ ಹಣ ಹಿಂತಿರುಗುವ ದಾರಿ ಕಾಣುತ್ತದೆ. ಕುಮಟಾ, ಕಾರವಾರದ ಕಡೆಯವರು ಹಾಕಿಸುವುದಾದರೆ ನಟ್ಟು-ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕೆಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಕಡಲ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬಾಳುವುದಿಲ್ಲ.