ತ್ಸುಕುಬಾನಾ, ಕೊಯಿಶಿಕಾವಾನಾ? ಚಳಿಗಾಲದಲ್ಲಿ ಎರಡು ತೋಟ ಸುತ್ತಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಪಾನಿನ ತ್ಸುಕುಬಾ ಊರಿನ ಸಸ್ಯೋದ್ಯಾನಕ್ಕೆ. ಕಳೆದ ಚಳಿಗಾಲದಲ್ಲಿ ಹೂವಿನ ಫೋಟೋಗೆಂದು ತೀರಾ ಹತ್ತಿರದಿಂದ ಫೋಟೋ ತೆಗೆಯುವ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್ ಕೊಂಡೆ. ಅದನ್ನು ಹಿಡಿದು ಜನವರಿಯಲ್ಲಿ ಎರಡು ತೋಟ ಸುತ್ತಿದೆ. ಒಂದು ನಾನಿರುವ ತ್ಸುಕುಬಾದ್ದು, ಇನ್ನೊಂದು ಟೋಕಿಯೋದ ಕೊಯಿಶಿಕಾವಾ.

ಹಳಮೆಯಲ್ಲಿ ಕೊಯಿಶಿಕಾವಾಗೆ ಸಾಟಿಯಿಲ್ಲ. 1684ರಲ್ಲಿ ಶೋಗನ್‌ಗಳ (ಆಗ ಜಪಾನ್ ಆಳುತ್ತಿದ್ದ ಸೇನಾಧಿಪತಿಗಳ) ಔಷಧಿ ತೋಟವಾಗಿ ಶುರುವಾದದ್ದು, ಈಗ ಟೋಕಿಯೋ ವಿಶ್ವವಿದ್ಯಾಲಯದ್ದು. ಅಲ್ಲಿನ ಗಿಂಕ್ಗೊ ಮರದಲ್ಲೇ 1896ರಲ್ಲಿ ಸಸ್ಯಶಾಸ್ತ್ರಜ್ಞ ಹಿರಾಸೆ ಸಾಕುಗೊರೊ ಈಜುವ ವೀರ್ಯಾಣು ಕಂಡುಹಿಡಿದರು, ಬೀಜ ಬಿಡುವ ಗಿಡದಲ್ಲಿ ಅಂಥದ್ದು ಕಂಡದ್ದು ಅದೇ ಮೊದಲು. ಆ ಮರದ ಕೆಳಗೆ ನಿಂತಾಗ ನಿಜಕ್ಕೂ ಮೈ ಜುಂ ಅಂತು. ಆದರೆ ಜನವರಿಯಲ್ಲಿ ಅದರಲ್ಲಿ ಒಂದು ಎಲೆಯೂ ಇರುವುದಿಲ್ಲ.

ಈಗ ಲೆನ್ಸ್ ಕಥೆಗೆ ಬರುತ್ತೇನೆ. ತ್ಸುಕುಬಾದಲ್ಲಿ ಹೊರಗೆ ಕೈ ಮರಗಟ್ಟುವ ಚಳಿ. ಬೆಚ್ಚಗಿರಲಿ ಅಂತ ನೇರ ಮಳೆಕಾಡಿನ ಗಾಜಿನಮನೆಗೆ ನುಗ್ಗಿದೆ. ಮೊದಲು ಕನ್ನಡಕ ಮಸುಕಾಯಿತು, ಆಮೇಲೆ ಲೆನ್ಸ್ ಪೂರ್ತಿ ಬೆವರಿತು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಹಾಗೆ. ಒರೆಸಿದರೆ ಮತ್ತೆ ಅದೇ. ಗಾಜು ತಣ್ಣಗಿರುವಷ್ಟು ಹೊತ್ತೂ ಒಳಗಿನ ಒದ್ದೆ ಗಾಳಿ ಅದರ ಮೇಲೆ ನೀರಾಗುತ್ತಲೇ ಇರುತ್ತದೆ. ಅರ್ಧ ಗಂಟೆ ಒಂದೂ ಫೋಟೋ ಇಲ್ಲ. ಒರೆಸಿ ಒರೆಸಿ ಲೆನ್ಸ್ ಮೇಲೆ ಗೀರು ಬಿದ್ದೀತು ಅನ್ನೋ ಭಯ ಬೇರೆ.

ಮುಂದಿನ ವಾರ ಬೇರೆ ದಾರಿ ಹಿಡಿದೆ. ಹೊರಗೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಬಾಯಿ ಮುಚ್ಚಿದೆ. ಮೊದಲು ಹೋಗಿದ್ದು ಸವಾನ್ನಾ, ಅಂದರೆ ಒಣ ಹುಲ್ಲುಗಾವಲಿನ ಗಿಡಗಳ ಗಾಜಿನಮನೆಗೆ. ಅಲ್ಲಿ ಬೆಚ್ಚಗಿದ್ದರೂ ಗಾಳಿ ಒಣ. ಕಳ್ಳಿಗಳನ್ನು ನಿಧಾನ ನೋಡುತ್ತಾ ಇಪ್ಪತ್ತು ನಿಮಿಷ ಕಳೆದೆ. ಅಷ್ಟರಲ್ಲಿ ಲೆನ್ಸ್ ಬೆಚ್ಚಗಾಗಿತ್ತು. ಮಳೆಕಾಡಿಗೆ ಹೋಗಿ ಕವರ್ ತೆಗೆದರೆ ಒಂದು ಹನಿಯೂ ಇಲ್ಲ! ಒಣ ಕಾಡು, ಒದ್ದೆ ಕಾಡು ಎರಡೂ ದೊಡ್ಡದಾಗಿ, ಬೇರೆ ಬೇರೆ ಮನೆಯಲ್ಲಿರುವುದು ನನಗೆ ಇಷ್ಟು ಉಪಯೋಗಕ್ಕೆ ಬಂತು.

ಹೊರಗಿನ ತೋಟದ ಜೋಡಣೆಯೂ ತ್ಸುಕುಬಾದ್ದೇ ನನಗಿಷ್ಟ. ಬೆಚ್ಚಗಿನ ನಾಡಿನ ಹಸಿರು ಕಾಡು, ತಂಪು ನಾಡಿನ ಎಲೆ ಉದುರುವ ಕಾಡು, ಎತ್ತರದ ಬೆಟ್ಟದ ಗಿಡಗಳು, ಹೀಗೆ 14 ಹೆಕ್ಟೇರಿನಲ್ಲಿ ಜಪಾನಿನ ಕಾಡುಗಳನ್ನೇ ದಾಟಿ ಹೋದ ಹಾಗಾಗುತ್ತದೆ.

ಟೈಟನ್ ಆರಂ ಎಂಬ ದೈತ್ಯ ಹೂವು ಎರಡೂ ಕಡೆ ಅರಳಿದೆ. ಕೊಯಿಶಿಕಾವಾದಲ್ಲಿ 1991ರಲ್ಲಿ, ತ್ಸುಕುಬಾದಲ್ಲಿ 2012ರಲ್ಲಿ. ಅದು ನಮ್ಮ ಸುವರ್ಣಗಡ್ಡೆಯ ಹತ್ತಿರದ ನೆಂಟ ಅಂತ ಗೊತ್ತಾದಾಗ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ. ಇಲ್ಲಿ ದಿನಾ ತಿನ್ನುವ ಕೊನ್ಯಾಕು ಕೂಡ ಅದೇ ಕುಲದ ಗಡ್ಡೆಯಿಂದ ಮಾಡಿದ್ದು.

ಟಿಕೆಟ್ ತ್ಸುಕುಬಾದಲ್ಲಿ 320 ಯೆನ್, ಕೊಯಿಶಿಕಾವಾದಲ್ಲಿ 500. ಟೋಕಿಯೋದಲ್ಲಿದ್ದರೆ ರೈಲಿನ ಖರ್ಚು ಸೇರಿ ಲೆಕ್ಕ ತಿರುಗಿಬಿಡುತ್ತದೆ. ಟೋಕಿಯೋದ ಅಕಿಹಬಾರಾ ನಿಲ್ದಾಣದಿಂದ ತ್ಸುಕುಬಾಗೆ ವೇಗದ ರೈಲಿನಲ್ಲೇ 45 ನಿಮಿಷ. ಅಂಥವರು ನವೆಂಬರ್ ಕೊನೆಯಲ್ಲಿ ಗಿಂಕ್ಗೊ ಹಳದಿಯಾದಾಗ ಕೊಯಿಶಿಕಾವಾಗೆ ಹೋಗಿ. ಸೋಮವಾರ ಬೇಡ, ಎರಡಕ್ಕೂ ರಜೆ.

ನಾನಂತೂ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ತ್ಸುಕುಬಾದಲ್ಲೇ ಇರುತ್ತೇನೆ, ಜೇಬಿನಲ್ಲಿ ಎರಡು ಜಿಪ್ ಕವರ್ ಇಟ್ಟುಕೊಂಡು.